ವೆಬ್‌ಸೈಟಿನ ಬೆಲೆ: ಎಂಟು ಸಾವಿರವೋ, ಎಂಬತ್ತು ಸಾವಿರವೋ?

ಕಾಸರಗೋಡು: ಪೇಟೆಯ ಅಂಗಡಿಗೊಂದು ವೆಬ್‌ಸೈಟ್ ಮಾಡಿಸಬೇಕೆಂದು ವಿಚಾರಿಸಲು ಹೊರಟರೆ ಒಬ್ಬರು ಎಂಟು ಸಾವಿರ ರೂಪಾಯಿ ಎನ್ನುತ್ತಾರೆ, ಇನ್ನೊಬ್ಬರು ಇಪ್ಪತ್ತೈದು ಸಾವಿರ, ಮತ್ತೊಬ್ಬರು ಎಂಬತ್ತು ಸಾವಿರ. ಕೇಳಿದ್ದು ಅದೇ ಐದು ಪುಟ, ಅದೇ ನಾಲ್ಕು ಫೋಟೋ. ನಮ್ಮ ಅಕ್ಷಯ ಕೇಂದ್ರಗಳಲ್ಲಿ ಯಾವ ಅರ್ಜಿಗೆ ಎಷ್ಟು ಎಂದು ಸರಕಾರ ನಿಗದಿ ಮಾಡಿದ ದರಪಟ್ಟಿ ಇದೆ. ವೆಬ್‌ಸೈಟ್ ಕೆಲಸಕ್ಕೆ ಅಂಥ ದರಪಟ್ಟಿ ಎಲ್ಲಿಯೂ ಇಲ್ಲ, ಇರುವುದು ಸಾಧ್ಯವೂ ಇಲ್ಲ. ಹಾಗಾಗಿ ಉಪ್ಪಳ, ಕುಂಬಳೆ, ಬದಿಯಡ್ಕದಂಥ ಪೇಟೆಗಳ ಸಣ್ಣ ವ್ಯಾಪಾರಿಗೆ ಕಡಿಮೆ ಹೇಳಿದವನು ಪ್ರಾಮಾಣಿಕ, ಹೆಚ್ಚು ಹೇಳಿದವನು ಸುಲಿಗೆಕೋರ ಎಂದು ತೋರುವುದು ಸಹಜ. ಆದರೆ ಲೆಕ್ಕ ಅಷ್ಟು ಸರಳವಲ್ಲ.

ಸಾಮಾನ್ಯವಾಗಿ ಹೇಳುವ ದರ ಮೊದಲ ವರ್ಷದ್ದು ಮಾತ್ರ. ವೆಬ್‌ಸೈಟ್ ಎಂಬುದು ಒಮ್ಮೆ ಹಣ ಕೊಟ್ಟು ತಂದಿಡುವ ಕಪಾಟಿನಂತಲ್ಲ, ಬಾಡಿಗೆ ಕೋಣೆಯಂತೆ. ಹೆಸರಿಗೆ ವರ್ಷ ವರ್ಷ ಶುಲ್ಕ, ಅದನ್ನು ಇಡುವ ಜಾಗಕ್ಕೆ ಅಂದರೆ ಹೋಸ್ಟಿಂಗ್‌ಗೆ ವರ್ಷ ವರ್ಷ ಶುಲ್ಕ, ನೋಡಿಕೊಳ್ಳುವವನಿಗೆ ಬೇರೆ. ಎಂಟು ಸಾವಿರಕ್ಕೆ ಮಾಡಿಕೊಟ್ಟವನು ಎರಡನೇ ವರ್ಷದಿಂದ ಆರು ಸಾವಿರ ಕೇಳಿದರೆ ಐದು ವರ್ಷಕ್ಕೆ ಒಟ್ಟು 32 ಸಾವಿರ. ಇಪ್ಪತ್ತು ಸಾವಿರ ತೆಗೆದುಕೊಂಡವನು ವರ್ಷಕ್ಕೆ ಮೂರು ಸಾವಿರದಲ್ಲಿ ಮುಗಿಸಿದರೆ ಅದೂ 32 ಸಾವಿರವೇ. ಹೋಸ್ಟಿಂಗ್ ಕಂಪೆನಿಗಳೂ ಇದೇ ದಾರಿಯವು. ಮೂರು ನಾಲ್ಕು ವರ್ಷದ ಹಣ ಒಟ್ಟಿಗೆ ಕಟ್ಟಿದರೆ ತಿಂಗಳಿಗೆ ಇಷ್ಟೇ ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ, ನವೀಕರಣದ ದರ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದು ಎರಡು ಮೂರು ಪಟ್ಟು ಆಗುವುದೂ ಉಂಟು. 'ಜೀವನಪರ್ಯಂತ ಉಚಿತ ಹೋಸ್ಟಿಂಗ್' ಎಂದು ಯಾರಾದರೂ ಹೇಳಿದರೆ ಯಾರ ಜೀವನಪರ್ಯಂತ ಎಂದು ಕೇಳಿ ನೋಡಬಹುದು.

ಇಷ್ಟರಲ್ಲಿ ಅತ್ಯಂತ ಅಗ್ಗದ ವಸ್ತು ಹೆಸರು, ಅಂದರೆ ಡೊಮೇನ್. ಡಾಟ್ ಕಾಮ್ ಹೆಸರುಗಳನ್ನು ನಿರ್ವಹಿಸುವ ವೆರಿಸೈನ್ ಕಂಪೆನಿ 2024ರ ಸೆಪ್ಟೆಂಬರ್ 1ರಿಂದ ತನ್ನ ಸಗಟು ದರವನ್ನು ವರ್ಷಕ್ಕೆ 10.26 ಡಾಲರಿಗೆ ಏರಿಸಿತು. ನೋಂದಣಿ ಕಂಪೆನಿಯ ಲಾಭ, ತೆರಿಗೆ ಎಲ್ಲ ಸೇರಿಸಿದರೂ ನಮ್ಮ ಕೈಗೆ ಸಾವಿರ, ಒಂದೂವರೆ ಸಾವಿರದ ಆಸುಪಾಸಿನಲ್ಲಿ ಬರಬೇಕು. ಡಾಟ್ ಇನ್ ಹೆಸರುಗಳನ್ನು ನಿಕ್ಸಿ ಸಂಸ್ಥೆ ನೋಡಿಕೊಳ್ಳುತ್ತದೆ, ದರ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ.

ಅಗ್ಗದ ಈ ವಸ್ತುವಿನಲ್ಲಿಯೇ ದೊಡ್ಡ ಅಪಾಯ ಇರುವುದು. ವೆಬ್‌ಸೈಟ್ ಮಾಡುವ ಹುಡುಗ ತನ್ನದೇ ಖಾತೆಯಲ್ಲಿ, ತನ್ನದೇ ಇಮೈಲ್ ಕೊಟ್ಟು ಹೆಸರನ್ನು ನೋಂದಾಯಿಸಿಬಿಡುತ್ತಾನೆ. ಬಹಳ ಸಲ ದುರುದ್ದೇಶದಿಂದಲ್ಲ, ಅವನಿಗೆ ಅದು ಸುಲಭ, ವ್ಯಾಪಾರಿಗೆ ಗೊತ್ತಿಲ್ಲ. ಎರಡು ವರ್ಷದ ಮೇಲೆ ಅವನು ದುಬಾಯಿಗೆ ಹೋಗುತ್ತಾನೆ, ಫೋನ್ ನಂಬರ್ ಬದಲಾಗುತ್ತದೆ. ಹೆಸರಿನ ಅವಧಿ ಮುಗಿಯುವ ಎಚ್ಚರಿಕೆ ಪತ್ರಗಳು ಅವನು ತೆರೆಯದ ಇಮೈಲಿಗೆ ಹೋಗುತ್ತಿರುತ್ತವೆ. ಡಾಟ್ ಕಾಮ್ ಹೆಸರಾದರೆ ಅವಧಿ ಮುಗಿದ ಮೇಲೆ ಸಾಮಾನ್ಯವಾಗಿ ಕೆಲವು ವಾರ ಮಾಮೂಲಿ ದರದಲ್ಲಿ ನವೀಕರಿಸಬಹುದು. ಅದು ದಾಟಿದರೆ 30 ದಿನ ದುಬಾರಿ ಶುಲ್ಕ ಕೊಟ್ಟು ಬಿಡಿಸಿಕೊಳ್ಳುವ ಅವಕಾಶ. ಅದೂ ಹೋದರೆ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ. ಅಷ್ಟು ಹೊತ್ತಿಗೆ ಅದೇ ಹೆಸರು ಅಂಗಡಿಯ ಬೋರ್ಡಿನಲ್ಲಿ, ಬಿಲ್ ಪುಸ್ತಕದಲ್ಲಿ, ಕೈಚೀಲದ ಮೇಲೆ ಅಚ್ಚಾಗಿರುತ್ತದೆ. ಸಾವಿರ ರೂಪಾಯಿಯ ಹೆಸರಿಗಾಗಿ ಅದೆಲ್ಲವನ್ನೂ ಮತ್ತೆ ಮಾಡಿಸಬೇಕು. ಆದ್ದರಿಂದ ಡೊಮೇನ್ ಖಾತೆಯನ್ನು ವ್ಯಾಪಾರಿ ತನ್ನ ಇಮೈಲಿನಲ್ಲಿ, ತನ್ನ ಮೊಬೈಲ್ ನಂಬರಿನಲ್ಲಿ ತೆರೆದು, ಹಣವನ್ನೂ ತಾನೇ ಕಟ್ಟುವುದು ಒಳ್ಳೆಯದು. ಕೆಲಸ ಮಾಡುವವನಿಗೆ ಬೇಕಾದಷ್ಟು ಪ್ರವೇಶ ಕೊಟ್ಟರೆ ಸಾಕು. ಇದಕ್ಕೆ ಒಪ್ಪದವನ ದರ ಎಷ್ಟು ಕಡಿಮೆ ಇದ್ದರೂ ಅವನ ಬಳಿ ಹೋಗದಿರುವುದು ಲೇಸು.

ಇನ್ನು ಮಾಡುವ ಕೂಲಿ. ಸಣ್ಣ ವೆಬ್‌ಸೈಟುಗಳಲ್ಲಿ ಬಹಳಷ್ಟು ವರ್ಡ್‌ಪ್ರೆಸ್‌ನಲ್ಲಿ ಆಗುವಂಥವು. ಅದು 2003ರಿಂದ ಇರುವ ಉಚಿತ ತಂತ್ರಾಂಶ. ಸಿದ್ಧ ವಿನ್ಯಾಸಕ್ಕೆ ಹೆಸರು, ಚಿತ್ರ ತುಂಬಿಸುವುದು, ಬರಹ ಕೈಯಲ್ಲಿದ್ದರೆ, ಕೆಲವೇ ದಿನಗಳ ಕೆಲಸ. ವ್ಯಾಪಾರಕ್ಕೆ ತಕ್ಕಂತೆ ಹೊಸತಾಗಿ ವಿನ್ಯಾಸ ಮಾಡಿ, ಬರಹವನ್ನೂ ತಾವೇ ಬರೆದು, ಫೋಟೋ ತೆಗೆದು ಮಾಡುವವರಿಗೆ ವಾರಗಳು ಬೇಕು, ಅವರ ದರ ಹೆಚ್ಚಿದ್ದರೆ ತಪ್ಪೇನೂ ಇಲ್ಲ. ಆದರೆ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆಂದು ವರ್ಷಕ್ಕೆ ಎರಡು ಮೂರು ಸಾವಿರ ಹಾಕಿದ್ದರೆ ಯಾಕೆಂದು ಕೇಳಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತಿದೆ, ಸಣ್ಣ ಅಂಗಡಿಗೆ ಅಷ್ಟು ಸಾಕು.

ಗಡಿನಾಡಿನವರಿಗೆ ಇಲ್ಲಿ ಒಂದು ಹೆಚ್ಚಿನ ಖರ್ಚು ಇದೆ, ಅದು ಭಾಷೆಯದ್ದು. ನಮ್ಮ ಗಿರಾಕಿಗಳಲ್ಲಿ ಕನ್ನಡ ಓದುವವರಿದ್ದಾರೆ, ಮಲಯಾಳ ಓದುವವರಿದ್ದಾರೆ. ಎರಡು ಭಾಷೆ, ಜೊತೆಗೆ ಇಂಗ್ಲಿಷ್ ಎಂದರೆ ಐದು ಪುಟ ಹದಿನೈದಾಗುತ್ತದೆ. ಕನ್ನಡ ಬಾರದ ಕಡೆ ಮಾಡಿಸಿದರೆ ಯಂತ್ರದ ಅನುವಾದವನ್ನು ಹಾಗೆಯೇ ಅಂಟಿಸುವ ಸಾಧ್ಯತೆ ಇದೆ. ಮಲಯಾಳದ 'ಕಡ' ಅಂಗಡಿ, ನಮ್ಮ 'ಕಡ' ಸಾಲ ಎಂಬುದು ನಮಗೆ ಗೊತ್ತು, ಯಂತ್ರಕ್ಕೆ ಎಲ್ಲ ಸಲ ಗೊತ್ತಿರಬೇಕೆಂದಿಲ್ಲ. ಮುದ್ರಣಾಲಯದಿಂದ ತಂದ ಹಳೆಯ ನುಡಿ, ಬರಹ ಫಾಂಟುಗಳ ಪಠ್ಯ ವೆಬ್‌ಸೈಟಿಗೆ ಹಾಕಿದರೆ ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ಆ ಕೆಲಸಕ್ಕೆ ದೊಡ್ಡ ಮೊತ್ತ ಕೊಡಬೇಕಾಗಿಲ್ಲ. ಕೆಲವರು ಈ ತಲೆನೋವೇ ಬೇಡವೆಂದು ಕನ್ನಡವನ್ನು ಚಿತ್ರವಾಗಿ ಅಂಟಿಸುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಕನ್ನಡದಲ್ಲಿ ಹುಡುಕಿದವರಿಗೆ ಆ ಅಂಗಡಿ ಸುಲಭವಾಗಿ ಸಿಗುವುದಿಲ್ಲ.

ತೆರಿಗೆಯ ವಿಷಯ. ವೆಬ್‌ಸೈಟ್ ಮಾಡಿಕೊಡುವ ಸೇವೆಗೆ ಜಿಎಸ್‌ಟಿ ಶೇ. 18. 2025ರ ಸೆಪ್ಟೆಂಬರ್ 22ರಂದು ಹಲವು ಆಹಾರ ವಸ್ತುಗಳ ದರ ಇಳಿದಾಗಲೂ ಇದು ಇಳಿಯಲಿಲ್ಲ. ಇಪ್ಪತ್ತು ಸಾವಿರದ ಕೆಲಸಕ್ಕೆ 23,600 ರೂಪಾಯಿ. ಕಾಸರಗೋಡಿನವನಾದರೆ ಬಿಲ್ಲಿನಲ್ಲಿ ಒಂಬತ್ತು ಒಂಬತ್ತಾಗಿ ಎರಡು ಸಾಲು, ಮಂಗಳೂರಿನವನಾದರೆ ಐಜಿಎಸ್‌ಟಿ ಎಂದು ಒಂದೇ ಸಾಲು, ಮೊತ್ತದಲ್ಲಿ ವ್ಯತ್ಯಾಸವಿಲ್ಲ. ವರ್ಷಕ್ಕೆ 20 ಲಕ್ಷಕ್ಕಿಂತ ಕಡಿಮೆ ವಹಿವಾಟಿನ, ನೋಂದಣಿ ಮಾಡಿಸದ ವ್ಯಕ್ತಿ ಗಡಿ ದಾಟಿ ಕೆಲಸ ಮಾಡಿಕೊಟ್ಟರೂ ತೆರಿಗೆ ಹಾಕುವಂತಿಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ಇದ್ದು ನಂಬರ್ ಇಲ್ಲದಿದ್ದರೆ ಕೇಳಬೇಕು. ಕಾಂಪೊಸಿಷನ್ ಯೋಜನೆಯಲ್ಲಿರುವ ವ್ಯಾಪಾರಿಗೆ ಈ ತೆರಿಗೆ ಹಿಂದಕ್ಕೆ ಸಿಗುವುದಿಲ್ಲ, ಅದು ಪೂರ್ತಿ ಅವನ ಖರ್ಚು.

ಆದರೆ ನಿಜವಾದ ತೆರಿಗೆ ಪ್ರಶ್ನೆ ಬರುವುದು 'ಆರ್ಡರ್ ಮಾಡಿ' ಎಂಬ ಗುಂಡಿ ಇಟ್ಟಾಗ. ತಲಪಾಡಿಯ ಆಚೆಯವರು ಉಪ್ಪಳಕ್ಕೆ ಬಂದು ಅಂಗಡಿಯಲ್ಲಿ ಉಪ್ಪಿನಕಾಯಿ ಕೊಂಡರೆ ಅದು ಕೇರಳದೊಳಗಿನ ಮಾರಾಟ. ಅದೇ ಡಬ್ಬಿಯನ್ನು ವೆಬ್‌ಸೈಟ್ ಮೂಲಕ ಮಂಗಳೂರಿಗೆ ಕೊರಿಯರ್ ಮಾಡಿದರೆ ಅಂತಾರಾಜ್ಯ ಮಾರಾಟ. ತೆರಿಗೆ ಇರುವ ಸರಕನ್ನು ಹೀಗೆ ಹೊರರಾಜ್ಯಕ್ಕೆ ಕಳುಹಿಸುವವನು, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟರೆ, ವಹಿವಾಟು ಎಷ್ಟೇ ಸಣ್ಣದಾಗಿದ್ದರೂ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಕಾಂಪೊಸಿಷನ್‌ನಲ್ಲಿ ಇರುವವನು ಹಾಗೆ ಕಳುಹಿಸುವಂತೆಯೇ ಇಲ್ಲ. ಹಪ್ಪಳಕ್ಕೂ ಹಾಳೆ ತಟ್ಟೆಗೂ ತೆರಿಗೆ ಇಲ್ಲವಾದ್ದರಿಂದ ಅವನ್ನಷ್ಟೇ ಮಾರುವವರಿಗೆ ಈ ತೊಡಕಿಲ್ಲ. ಉಪ್ಪಿನಕಾಯಿ, ತೆಂಗಿನೆಣ್ಣೆ ಮಾರುವವರಿಗೆ ಇದೆ. ನೋಂದಣಿಯ ನಂತರದ ರಿಟರ್ನ್, ಲೆಕ್ಕಿಗರ ಶುಲ್ಕ ಯಾವ ದರಪತ್ರದಲ್ಲಿಯೂ ಇರುವುದಿಲ್ಲ. ಇದರ ಮೇಲೆ ಹಣ ಸ್ವೀಕರಿಸುವ ಗೇಟ್‌ವೇಗೆ ಶೇ. 2ರ ಹಾಗೆ ಶುಲ್ಕ, ಆ ಶುಲ್ಕಕ್ಕೂ ಜಿಎಸ್‌ಟಿ. ಸಾವಿರ ರೂಪಾಯಿಯ ಆರ್ಡರಿಗೆ 23 ರೂಪಾಯಿ 60 ಪೈಸೆ. ಐದು ಕಿಲೋಮೀಟರ್ ಆಚೆ ಇನ್ನೊಂದು ರಾಜ್ಯ ಇರುವ ನಮ್ಮಂಥವರಿಗೆ ಈ ಗುಂಡಿ ಉಳಿದೆಲ್ಲ ಪುಟಗಳಿಗಿಂತ ದುಬಾರಿ ಆಗಬಹುದು.

ಹಾಗಾದರೆ ವೆಬ್‌ಸೈಟ್ ಬೇಕೇ? ಊರಿನ ಗಿರಾಕಿಗಳಷ್ಟೇ ಇರುವ ಕ್ಷೌರದಂಗಡಿಗೆ, ದಿನಸಿ ಅಂಗಡಿಗೆ ಬೇಡವೆಂದೇ ಅನಿಸುತ್ತದೆ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಹೆಸರು, ಸಮಯ, ಫೋನ್ ನಂಬರ್ ಹಾಕಲು ಕಾಸು ಬೇಡ, ವಾಟ್ಸಾಪ್ ಬಿಸಿನೆಸ್‌ನಲ್ಲಿ ವಸ್ತುಗಳ ಪಟ್ಟಿ ಇಡಲೂ ಬೇಡ. ಬೇಕಲದ ಕಡೆಯ ಹೋಂಸ್ಟೇ, ಮದುವೆ ಅಡುಗೆಯವರು, ದೂರದಿಂದ ಗಿರಾಕಿ ಬರುವ ನರ್ಸರಿ, ಇವರಿಗೆ ಸ್ವಂತ ಪುಟದಿಂದ ಲಾಭವಿದೆ. ಉಚಿತವಾದದ್ದು ನಮ್ಮದಲ್ಲ ಎಂಬುದನ್ನೂ ಮರೆಯುವಂತಿಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆ ಸಿಗುತ್ತಿದ್ದ ಉಚಿತ ವೆಬ್‌ಸೈಟುಗಳನ್ನು ಆ ಕಂಪೆನಿ 2024ರ ಮಾರ್ಚ್‌ನಲ್ಲಿ ಮುಚ್ಚಿಬಿಟ್ಟಿತು. ಆ ವಿಳಾಸವನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿದವರ ಕಾರ್ಡು ದಂಡವಾಯಿತು.

ಈಗಾಗಲೇ ವೆಬ್‌ಸೈಟ್ ಮಾಡಿಸಿದವರು ಇವತ್ತೇ ಒಂದು ಕೆಲಸ ಮಾಡಬಹುದು. ಐಕಾನ್ ಸಂಸ್ಥೆಯ ಲುಕಪ್ ಪುಟದಲ್ಲಿ ತಮ್ಮ ಡಾಟ್ ಕಾಮ್ ಹೆಸರನ್ನು ಹಾಕಿದರೆ, ಒಡೆಯನ ಹೆಸರು ಮರೆಯಾಗಿದ್ದರೂ, ಯಾವ ನೋಂದಣಿ ಕಂಪೆನಿಯಲ್ಲಿದೆ, ಅವಧಿ ಎಂದು ಮುಗಿಯುತ್ತದೆ ಎಂಬುದು ಕಾಣುತ್ತದೆ. ಆ ಕಂಪೆನಿಯ ಖಾತೆ ಯಾರ ಇಮೈಲಿನಲ್ಲಿದೆ ಎಂದು ಮಾಡಿಕೊಟ್ಟವನಿಗೆ ಫೋನ್ ಮಾಡಿ ಕೇಳಿ. ಅವಧಿ ಮುಗಿಯಲು ಎರಡು ತಿಂಗಳಾದರೂ ಉಳಿದಿರುವಾಗ, ಅವನು ಊರಿನಲ್ಲಿ ಇರುವಾಗಲೇ, ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.