ಕಾಲಮ್ಮಿಲ್ಲದ ಕಂಬ

"ಇದನ್ನು ಯಾವ ಕಾಲಮ್ಮಿಗೆ ಹಾಕುವುದು ಮಾರಾಯ್ರೆ?"

ನನ್ನ ಅರ್ಜಿಯನ್ನು ಎರಡು ಸಲ ತಿರುಗಿಸಿ ನೋಡಿದ ಗುಮಾಸ್ತರು ಕೇಳಿದ ಪ್ರಶ್ನೆ ಇದು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಲಂಚದ ಸುಳಿವೂ ಇರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದರು. ಮನೆಯ ಹಿತ್ತಲಲ್ಲಿ 40 ಅಡಿ ಎತ್ತರದ ಕಬ್ಬಿಣದ ಕಂಬ ನಿಲ್ಲಿಸಿ, ಅದರ ತುದಿಗೆ ಹವ್ಯಾಸಿ ರೇಡಿಯೋದ ಆಂಟೆನಾ ಕಟ್ಟಲು ಅನುಮತಿ ಕೊಡಿ ಎಂದು ಬರೆದಿದ್ದೆ. ಮನೆ ಕಟ್ಟುವವರಿಗೆ ನಮೂನೆ ಉಂಟು, ಮೊಬೈಲ್ ಕಂಪನಿಯ ಟವರಿಗೂ ಉಂಟು. ನನ್ನ ಕಂಬಕ್ಕೆ ಇಲ್ಲ. ಅರ್ಜಿ ಕೊಟ್ಟು 14 ತಿಂಗಳಾಯಿತು. ಆಗುವುದಿಲ್ಲ ಎಂದು ಯಾರೂ ಹೇಳಿಲ್ಲ, ಆಗುತ್ತದೆ ಎಂದೂ ಹೇಳಿಲ್ಲ. ಆ ಕಚೇರಿಯ ಹೆಸರು ಇಲ್ಲಿ ಬೇಡ. ನನ್ನ ಜಗಳ ಆ ಕುರ್ಚಿಯಲ್ಲಿ ಕೂತವರ ಜೊತೆಗಲ್ಲ, ಇಲ್ಲದ ಆ ಕಾಲಮ್ಮಿನ ಜೊತೆ.

ಹ್ಯಾಮ್ ರೇಡಿಯೋ ಎಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಕೇಂದ್ರದ ದೂರಸಂಪರ್ಕ ಇಲಾಖೆ ಪರೀಕ್ಷೆ ನಡೆಸಿ, ಪಾಸಾದವರಿಗೆ ಪರವಾನಗಿ ಕೊಡುತ್ತದೆ. ಜೊತೆಗೆ 'ವಿಯು' ಎಂದು ಶುರುವಾಗುವ ಕರೆಸಂಕೇತ. ಇದರಿಂದ ಹಣ ಮಾಡುವ ಹಾಗಿಲ್ಲ. ಹಗಲು ಮಣಿಪಾಲದಲ್ಲಿ ಪಿಎಚ್‌.ಡಿ. ಕೆಲಸ ಮುಗಿಸಿ, ರಾತ್ರಿ ನಾನು ಕಿವಿಗೊಡುವುದು 14 ಮೆಗಾಹರ್ಟ್ಸ್‌ಗೆ. ಈ ಅಲೆಯ ಉದ್ದ ಸುಮಾರು 20 ಮೀಟರ್. ಆಂಟೆನಾ ಅದರ ಅರ್ಧದಷ್ಟಾದರೂ, ಅಂದರೆ 10 ಮೀಟರ್ ಎತ್ತರದಲ್ಲಿದ್ದರೆ ಅಲೆ ಬಾನಂಚಿನತ್ತ ತಗ್ಗಿ ಹೊರಟು, ಅಯಾನುಗೋಳಕ್ಕೆ ತಾಗಿ, ದೂರದ ದೇಶದಲ್ಲಿ ಇಳಿಯುತ್ತದೆ. ತಗ್ಗಿನಲ್ಲಿ ಕಟ್ಟಿದರೆ ಬಹುಪಾಲು ನೆತ್ತಿಯ ಮೇಲಕ್ಕೇ ಹೋಗುತ್ತದೆ. 40 ಅಡಿ ಎಂಬ ಲೆಕ್ಕ ಬಂದದ್ದು ಹೀಗೆ, ಶೋಕಿಯಿಂದಲ್ಲ. ಪರವಾನಗಿ ಕೊಟ್ಟು ಎತ್ತರ ಕೊಡದಿರುವುದು ದೋಣಿಗೆ ಪರ್ಮಿಟ್ ಕೊಟ್ಟು ಅಳಿವೆ ಮುಚ್ಚಿದ ಹಾಗೆ.

ನಮ್ಮ ಜಿಲ್ಲೆಗೇನೂ ಎತ್ತರದ ಭಯವಿಲ್ಲ. 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟ 42 ಅಡಿ; ನನ್ನ ಕಂಬ ಅವನಿಗಿಂತ ಎರಡಡಿ ಕುಳ್ಳು. 1901ರ ಕಾಪು ದೀಪಸ್ತಂಭದ ಅರ್ಧಕ್ಕೂ ಅದು ಬರುವುದಿಲ್ಲ. ಮಣಿಪಾಲದ ಅಪಾರ್ಟ್‌ಮೆಂಟುಗಳ ಎದುರು ಅದೊಂದು ಕಡ್ಡಿ. ನಮ್ಮ ಹಿತ್ತಲಿನ ಹಳೆಯ ತೆಂಗಿನಮರವೇ ಅದಕ್ಕಿಂತ ಎತ್ತರ. ದೇವರಿಗೆ, ಹಡಗಿಗೆ, ಬಿಲ್ಡರಿಗೆ, ಕಂಪನಿಗೆ ಎತ್ತರ ಕೊಟ್ಟ ಊರು, ಒಂಟಿ ಮನೆಯ ಒಬ್ಬ ನಾಗರಿಕ ಕೇಳಿದಾಗ ಮಾತ್ರ ತಬ್ಬಿಬ್ಬಾಗುತ್ತದೆ.

ನೆರೆಯವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. "ಟವರ್ ಬಂದ್ರೆ ಮಕ್ಕಳಿಗೆ ಕಾಯಿಲೆ ಬರ್ಲಿಕ್ಕುಂಟಾ?" ಎಂದು ಪಕ್ಕದ ಮನೆಯ ಅಜ್ಜಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಮೊಬೈಲ್ ಟವರು ಹಗಲಿರುಳು ಅಲೆ ಹೊಮ್ಮಿಸುತ್ತಿರುತ್ತದೆ. ಹ್ಯಾಮ್ ಮಾತಾಡುವಾಗ ಮಾತ್ರ ಹೊಮ್ಮಿಸುತ್ತಾನೆ, ಉಳಿದ ಹೊತ್ತು ಕೇಳುತ್ತಾ ಕೂರುತ್ತಾನೆ. ಆಂಟೆನಾದಿಂದ ದೂರ ಹೋದಂತೆ ಅಲೆಯ ತೀವ್ರತೆ ಬೇಗ ಇಳಿಯುತ್ತದೆ. ಹಾಗಾಗಿ ಮಾಡಿನ ಮಟ್ಟದಲ್ಲಿ ಬಚ್ಚಿಟ್ಟ ತಂತಿಗಿಂತ 40 ಅಡಿ ಮೇಲಿನ ಆಂಟೆನಾವೇ ಅಜ್ಜಿಗೆ ಒಳ್ಳೆಯದು. ನಿಜವಾದ ಅಪಾಯಗಳು ಬೇರೆ: ಕಂಬ ಬಿದ್ದರೆ ಯಾರ ಮೇಲೆ, ಸಿಡಿಲು ಹೊಡೆದರೆ ಎಲ್ಲಿಗೆ, ಕಡಲ ಗಾಳಿಗೆ ಕಬ್ಬಿಣ ತುಕ್ಕು ಹಿಡಿದರೆ ಯಾರು ನೋಡುವುದು? ಈ ಪ್ರಶ್ನೆಗಳನ್ನು ಯಾರಾದರೂ ಕೇಳಲಿ ಎಂದೇ ನಾನು ಅರ್ಜಿ ಕೊಟ್ಟದ್ದು. ಯಾರೂ ಕೇಳಲಿಲ್ಲ.

ಬದಲಿಗೆ ಎಲ್ಲರೂ ಕೊಟ್ಟ ಸಲಹೆ ಒಂದೇ: "ಸುಮ್ಮನೆ ಹಾಕಿಬಿಡು, ಯಾರು ಕೇಳ್ತಾರೆ?" ನನಗೆ ಸಿಟ್ಟು ಬರುವುದು ಈ ಮಾತಿಗೆ. ಪ್ರೀತಿಯಿಂದ ಹೇಳಿದ್ದು ಹೌದು, ಆದರೆ ಅದರೊಳಗೆ ಇರುವುದೇನು? ಯಾರೂ ಕೇಳದಷ್ಟು ದಿನ ನೀನು ಇರಬಹುದು ಎಂಬುದು. ನಾಳೆ ಬೇಲಿಯ ವಿಷಯಕ್ಕೆ ನೆರೆಯವರ ಜೊತೆ ಜಗಳವಾದರೆ ಅವರ ಮೊದಲ ದೂರು ಆ ಕಂಬದ ಮೇಲೆ. ಆಗ ಕಚೇರಿಗೆ ಥಟ್ಟನೆ ನಿಯಮ ನೆನಪಾಗುತ್ತದೆ. ಕೊಡುವಾಗ ಇಲ್ಲದ ಕಾಲಮ್ಮು ಕೀಳುವಾಗ ಹುಟ್ಟಿಕೊಳ್ಳುತ್ತದೆ. ಗುಟ್ಟಾಗಿ ನಿಂತ ಕಂಬಕ್ಕೆ ಎಂಜಿನಿಯರ್ ಬರುವುದಿಲ್ಲ, ತಪಾಸಣೆ ಆಗುವುದಿಲ್ಲ; ಅಂದರೆ ಈ ಮೌನದಿಂದ ಅಪಾಯ ಹೆಚ್ಚುವುದೇ ಹೊರತು ತಗ್ಗುವುದಿಲ್ಲ.

ಮನಸ್ಸು ಮಾಡಿದರೆ ಸರ್ಕಾರಕ್ಕೆ ನಿಯಮ ಮಾಡಲು ಬರುತ್ತದೆ. ದೂರಸಂಪರ್ಕ ಕಂಪನಿಗಳಿಗಾಗಿ ಕೇಂದ್ರ 2016ರಲ್ಲಿ ಮಾಡಿದ ನಿಯಮದಲ್ಲಿ, 60 ದಿನದೊಳಗೆ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆಯೇ ಎಂದು ಬರೆದಿತ್ತು. 2023ರ ದೂರಸಂಪರ್ಕ ಕಾಯ್ದೆಯಡಿ ಅದರ ಜಾಗಕ್ಕೆ ಹೊಸ ನಿಯಮಗಳು ಬಂದವು. ಕಂಪನಿಗೆ ದಿನ ಎಣಿಸಿಕೊಡುವ ವ್ಯವಸ್ಥೆ ನನಗೆ ತಿಂಗಳು ಎಣಿಸುತ್ತಾ ಕೂರಲು ಬಿಟ್ಟಿದೆ. ಅಮೆರಿಕದ ಸಂಪರ್ಕ ಆಯೋಗ 1985ರಲ್ಲೇ ಆದೇಶ ಹೊರಡಿಸಿ, ಸ್ಥಳೀಯ ಆಡಳಿತಗಳು ಹವ್ಯಾಸಿಗಳ ಆಂಟೆನಾಗೆ ತಕ್ಕಮಟ್ಟಿನ ಅವಕಾಶ ಕೊಡಲೇಬೇಕೆಂದಿತು. ಷರತ್ತು ಹಾಕಬೇಡಿ ಎನ್ನಲಿಲ್ಲ. ಅಗತ್ಯಕ್ಕಿಂತ ಹೆಚ್ಚು ಹಾಕಬೇಡಿ ಎಂದಿತು.

"ಇದರಿಂದ ಊರಿಗೇನು ಲಾಭ?" ಎನ್ನುವವರು ಇದ್ದಾರೆ. 2004ರ ಡಿಸೆಂಬರ್ 26ರಂದು ಸುನಾಮಿ ಬಡಿದಾಗ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಪೋರ್ಟ್ ಬ್ಲೇರ್‌ನಲ್ಲಿದ್ದರು. ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದವರಲ್ಲಿ ಅವರೂ ಒಬ್ಬರು. ಅವರು ಅಲ್ಲಿಗೆ ಹೋದದ್ದು ವಿಪತ್ತು ನಿರ್ವಹಣೆಗಲ್ಲ, ಹವ್ಯಾಸಕ್ಕೆ. ಅಂಡಮಾನಿನಿಂದ ಮಾತಾಡಲು ವರ್ಷಗಟ್ಟಲೆ ಸಿಗದಿದ್ದ ಅನುಮತಿ ಆಗಷ್ಟೇ ಸಿಕ್ಕಿತ್ತು. ಹಾಗಾಗಿ ಅಂದು ಅಲ್ಲೊಂದು ಆಂಟೆನಾ ನಿಂತಿತ್ತು. 2020ರ ಸೆಪ್ಟೆಂಬರಿನ ನೆರೆಯನ್ನೂ 2021ರ ತೌಕ್ತೆಯನ್ನೂ ಕಂಡ ಉಡುಪಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಅಂಗಳಕ್ಕೆ ಬಂದ ಮೇಲೆ ಕಂಬಕ್ಕೆ ಗುಂಡಿ ತೋಡಲಾಗುವುದಿಲ್ಲ.

ನಾನು ಕೇಳುವುದು ಒಂದು ಪುಟದ ನಿಯಮ. ಪರವಾನಗಿಯ ಪ್ರತಿ, ಎಂಜಿನಿಯರ ಸಹಿ, ಬಿದ್ದರೂ ನಮ್ಮ ಜಾಗದೊಳಗೇ ಬೀಳುವಷ್ಟು ಅಂತರ, ವಿದ್ಯುತ್ ತಂತಿಯಿಂದ ದೂರ, ಸಿಡಿಲಿಗೆ ಅರ್ಥಿಂಗ್, ನೆರೆಯವರ ಅಹವಾಲು ಕೇಳಲು ಒಂದು ದಿನ, ಕೊನೆಗೆ ಉತ್ತರಕ್ಕೊಂದು ಗಡುವು. ಕೊಡುವುದಿಲ್ಲವೆಂದಾದರೆ ಕಾರಣ ಬರೆದು ಕೊಡಲಿ. ಕಾರಣವಿದ್ದರೆ ಮೇಲ್ಮನವಿ ಹಾಕಬಹುದು, ಮೌನದ ಮೇಲೆ ಯಾವ ಮೇಲ್ಮನವಿ?

ಸದ್ಯಕ್ಕೆ ನನ್ನ ಆಂಟೆನಾ ತೆಂಗಿನಮರಕ್ಕೆ ಕಟ್ಟಿದ ಒಂದು ತಂತಿ. ಗಾಳಿಗೆ ಮರ ಓಲಾಡಿದಾಗ ಅದೂ ಓಲಾಡುತ್ತದೆ, ಕಾಯಿ ಕೀಳುವವರು ಬಂದಾಗ ಬಿಚ್ಚಬೇಕು. ಮರಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ. ಮುಂದಿನ ಸೋಮವಾರ ಮತ್ತೆ ಕಚೇರಿಗೆ ಹೋಗುತ್ತೇನೆ. ಈ ಸಲ ಕಾಲಮ್ಮನ್ನೂ ನಾನೇ ಬರೆದುಕೊಂಡು ಹೋಗುತ್ತೇನೆ.