ಅಗ್ಗದ ಕ್ಯಾನ್ಸರ್ ಮಾತ್ರೆ ಕದ್ದ ಮಾಲೇ? ಗ್ಲಿವೆಕ್‌ಗೆ ಪೇಟೆಂಟ್ ಸಿಗದಿದ್ದರ ಹಿಂದಿನ ಕಥೆ

“ಭಾರತದಲ್ಲಿ ಕಡಿಮೆ ಬೆಲೆಗೆ ಸಿಗುವ ರಕ್ತದ ಕ್ಯಾನ್ಸರ್ ಮಾತ್ರೆ ವಿದೇಶಿ ಕಂಪನಿಯ ಪೇಟೆಂಟ್ ಕದ್ದು ಮಾಡಿದ ನಕಲಿ ಮಾಲು. ನಮ್ಮ ಕೋರ್ಟ್ ಪೇಟೆಂಟ್ ಕಿತ್ತುಕೊಂಡಿತು. ನಿಮ್ಮವರಿಗೆ ತಿಳಿಸಿ.” ಇಂಥದೊಂದು ಫಾರ್ವರ್ಡ್ ಅನ್ನು ಹುಬ್ಬಳ್ಳಿಯ ಅಮರಗೋಳದ ಓದುಗರೊಬ್ಬರು ನಮಗೆ ಕಳಿಸಿ, “ಇದು ಖರೇ ಏನ್ರಿ?” ಎಂದು ಕೇಳಿದ್ದಾರೆ. ಅವರ ಊರಿನ ಪಕ್ಕದ ನವನಗರದಲ್ಲೇ ಕ್ಯಾನ್ಸರ್ ಆಸ್ಪತ್ರೆ ಇದೆ. ಸುತ್ತಲಿನ ಜಿಲ್ಲೆಗಳಿಂದ ರೋಗಿಗಳು ಅಲ್ಲಿಗೆ ಬರುತ್ತಾರೆ. ಈ ಮಾತ್ರೆಯನ್ನು ದಿನವೂ ತಪ್ಪದೆ ತೆಗೆದುಕೊಳ್ಳಬೇಕು. ಫಾರ್ವರ್ಡ್ ನಂಬಿ ಯಾರಾದರೂ ನಿಲ್ಲಿಸಿದರೆ, ಹಿಡಿತಕ್ಕೆ ಬಂದ ರೋಗ ಮತ್ತೆ ತಲೆ ಎತ್ತಬಹುದು. ಹಾಗಾಗಿ ಇದನ್ನು ಕೊಂಚ ಬಿಡಿಸಿ ನೋಡೋಣ.

ಮೊದಲೇ ಹೇಳಿಬಿಡುತ್ತೇವೆ: ಫಾರ್ವರ್ಡ್ ಸುಳ್ಳು. ಈ ಔಷಧಿಗೆ ಭಾರತದಲ್ಲಿ ಸಿಗದಿದ್ದ ಪೇಟೆಂಟನ್ನು ಕದಿಯುವುದೂ ಸಾಧ್ಯವಿಲ್ಲ, ಕಿತ್ತುಕೊಳ್ಳುವುದೂ ಸಾಧ್ಯವಿಲ್ಲ. ಅದು ಯಾಕೆ ಸಿಗಲಿಲ್ಲ ಎಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ.

ಪೇಟೆಂಟ್ ಎಂದರೆ ಒಂದು ಆವಿಷ್ಕಾರವನ್ನು 20 ವರ್ಷ ಬೇರೆಯವರು ಮಾಡದಂತೆ, ಮಾರದಂತೆ ತಡೆಯುವ ಹಕ್ಕು. ಅದನ್ನು ಪಡೆಯಲು ವಸ್ತು ಹೊಸದಾಗಿದ್ದರಷ್ಟೇ ಸಾಲದು. ಆ ಕಸುಬು ಬಲ್ಲವರಿಗೆ ತಾನಾಗಿಯೇ ಹೊಳೆಯುವಂಥದ್ದೂ ಆಗಿರಬಾರದು. ಅಮರಗೋಳದ ಎಪಿಎಂಸಿಯ ಉದಾಹರಣೆಯನ್ನೇ ನೋಡಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನದು ಖಾರ. ಯಾರೋ ಒಬ್ಬರು ಎರಡನ್ನೂ 62ಕ್ಕೆ 38ರಂತೆ ಬೆರೆಸಿ, “ಬಣ್ಣವೂ ಖಾರವೂ ಇರುವ ಈ ಪುಡಿ ನನ್ನ ಆವಿಷ್ಕಾರ, 20 ವರ್ಷ ಬೇರೆಯವರು ಮಾಡುವಂತಿಲ್ಲ” ಎಂದರೆ ಅಲ್ಲಿನ ದಲಾಲರು ನಕ್ಕುಬಿಟ್ಟಾರು. ಆ ಲೆಕ್ಕದಲ್ಲಿ ಹಿಂದೆ ಯಾರೂ ಬೆರೆಸಿರಲಿಕ್ಕಿಲ್ಲ, ಆದ್ದರಿಂದ ಪುಡಿ ಹೊಸದೇ ಇರಬಹುದು. ಆದರೆ ಹಾಗೆ ಬೆರೆಸಬಹುದೆಂದು ಮೆಣಸಿನಕಾಯಿ ವ್ಯಾಪಾರ ಬಲ್ಲ ಯಾರಿಗೂ ಹೇಳಿಕೊಡಬೇಕಿಲ್ಲ. ನಮ್ಮ ಪೇಟೆಂಟ್ ಕಾಯ್ದೆಯ ಅಳತೆಗೋಲು ಈ ‘ಕಸುಬು ಬಲ್ಲವರು’. ಸಾಮಾನ್ಯ ಗಿರಾಕಿಯೂ ಅಲ್ಲ, ಮಹಾ ಪ್ರತಿಭಾವಂತರೂ ಅಲ್ಲ.

ಮೆಣಸಿನಪುಡಿಯಲ್ಲಿ ಇದು ಸುಲಭ. ರಾಸಾಯನಿಕಗಳಲ್ಲಿ ಕಷ್ಟ, ಏಕೆಂದರೆ ಅಲ್ಲಿ ಸಣ್ಣ ಬದಲಾವಣೆಯ ಪರಿಣಾಮ ಸಣ್ಣದೇ ಆಗಿರಬೇಕೆಂದಿಲ್ಲ. ಫಾರ್ವರ್ಡ್‌ನಲ್ಲಿ ಹೇಳಿದ ಔಷಧಿಯೇ ಇದಕ್ಕೆ ಸಾಕ್ಷಿ. ಅದರ ಹೆಸರು ಇಮ್ಯಾಟಿನಿಬ್. ನೊವಾರ್ಟಿಸ್ ಕಂಪನಿ ಮಾರುವ ಬ್ರ್ಯಾಂಡ್ ಗ್ಲಿವೆಕ್. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನ್ ಬಿಡುವಿಲ್ಲದೆ ಕೆಲಸ ಮಾಡಿ ಬಿಳಿ ರಕ್ತಕಣಗಳನ್ನು ಮಿತಿಮೀರಿ ಬೆಳೆಸುತ್ತದೆ. ಇಮ್ಯಾಟಿನಿಬ್ ಅದನ್ನು ತಡೆಯುತ್ತದೆ. ಈ ಔಷಧಿಯನ್ನು ರೂಪಿಸುವಾಗ ವಿಜ್ಞಾನಿಗಳು ಅಣುವಿನ ಒಂದು ಜಾಗದಲ್ಲಿ ಪುಟ್ಟ ಮಿಥೈಲ್ ಗುಂಪೊಂದನ್ನು ಸೇರಿಸಿದರು. ಅಂದರೆ ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ಅಲ್ಲಿಯವರೆಗೆ ಪ್ರೋಟೀನ್ ಕೈನೇಸ್ ಸಿ ಎಂಬ ಬೇರೊಂದು ಕಿಣ್ವವನ್ನೂ ತಡೆಯುತ್ತಿದ್ದ ಅಣು, ಅದರ ತಂಟೆಗೆ ಹೋಗುವುದನ್ನು ನಿಲ್ಲಿಸಿತು. ಗುರಿಯ ಮೇಲಿನ ಹಿಡಿತ ಮಾತ್ರ ಉಳಿಯಿತು. ಕಾಗದದ ಮೇಲೆ ಇದು ಒಂದು ಗೆರೆಯ ವ್ಯತ್ಯಾಸ.

ಪೇಟೆಂಟ್ ಪರೀಕ್ಷಕರ ಮುಂದಿರುವ ಕಷ್ಟವೂ ಇದೇ. ಒಗಟಿನ ಉತ್ತರ ಗೊತ್ತಾದ ಮೇಲೆ ಎಲ್ಲರಿಗೂ ಅದು ಸುಲಭವೇ. ಆದ್ದರಿಂದ ಅವರು ಅರ್ಜಿ ಹಾಕಿದ ದಿನಕ್ಕೆ ಹಿಂತಿರುಗಿ ಕೇಳಿಕೊಳ್ಳಬೇಕು: ಅಂದು ಲಭ್ಯವಿದ್ದ ಬರಹಗಳನ್ನೆಲ್ಲ ಓದಿಕೊಂಡ ಒಬ್ಬ ರಸಾಯನಶಾಸ್ತ್ರಜ್ಞ, ಫಲ ಸಿಗುತ್ತದೆಂಬ ಭರವಸೆಯಿಂದ ಇದನ್ನೇ ಮಾಡಿನೋಡುತ್ತಿದ್ದನೇ?

ಇಮ್ಯಾಟಿನಿಬ್ ಅಣುವಿಗೆ 1996ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಅದು ನಿಜವಾದ ಆವಿಷ್ಕಾರ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಆ ಕಾಲಕ್ಕೆ ಭಾರತದಲ್ಲಿ ಔಷಧಿ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಇತ್ತು, ಔಷಧಿಗೇ ಇರಲಿಲ್ಲ. ಔಷಧಿಗೂ ಪೇಟೆಂಟ್ ಕೊಡುವ ತಿದ್ದುಪಡಿ ಬಂದದ್ದು 2005ರಲ್ಲಿ. ಅದಕ್ಕೆ ಮೊದಲೇ, 1998ರ ಜುಲೈನಲ್ಲಿ, ನೊವಾರ್ಟಿಸ್ ಚೆನ್ನೈ ಪೇಟೆಂಟ್ ಕಚೇರಿಯಲ್ಲಿ ಒಂದು ಅರ್ಜಿ ಹಾಕಿಟ್ಟಿತ್ತು. ಕರ್ನಾಟಕದ ಅರ್ಜಿಗಳೂ ಹೋಗುವುದು ಅದೇ ಕಚೇರಿಗೆ. ಆ ಅರ್ಜಿ ಇಮ್ಯಾಟಿನಿಬ್‌ಗಾಗಿ ಅಲ್ಲ, ಅದರ ಮೆಸಿಲೇಟ್ ಎಂಬ ಲವಣದ ‘ಬೀಟಾ’ ಸ್ಫಟಿಕ ರೂಪಕ್ಕಾಗಿ.

ಸ್ಫಟಿಕ ರೂಪ ಎಂದರೇನು? ವಜ್ರವೂ ಪೆನ್ಸಿಲ್ಲಿನ ಗ್ರಾಫೈಟೂ ಎರಡೂ ಕಾರ್ಬನ್ನೇ, ಜೋಡಣೆ ಬೇರೆ. ಹಾಗೆಯೇ ಒಂದೇ ಔಷಧಿಯ ಅಣುಗಳು ಹಲವು ರೀತಿಯಲ್ಲಿ ಒಂದರ ಪಕ್ಕ ಒಂದು ಕೂರಬಲ್ಲವು. ಬೀಟಾ ರೂಪದ ಪುಡಿ ಸರಾಗವಾಗಿ ಹರಿಯುತ್ತದೆ, ಹೆಚ್ಚು ಸ್ಥಿರ, ತೇವ ಎಳೆದುಕೊಳ್ಳುವುದು ಕಡಿಮೆ ಎಂದು ಕಂಪನಿ ಹೇಳಿತು. ಮಾತ್ರೆ ಮಾಡುವವರಿಗೆ ಇವೆಲ್ಲ ಉಪಯೋಗವೇ. ಆದರೆ ಒಂದು ಔಷಧಿ ಕೈಗೆ ಬಂದ ಮೇಲೆ ಅದರ ಲವಣಗಳನ್ನೂ ಸ್ಫಟಿಕಗಳನ್ನೂ ಹುಡುಕಿ ನೋಡುವುದು ಔಷಧಿ ಉದ್ಯಮದಲ್ಲಿ ದಿನನಿತ್ಯದ ಕೆಲಸ.

ಕ್ಯಾನ್ಸರ್ ಪೇಷೆಂಟ್ಸ್ ಏಡ್ ಅಸೋಸಿಯೇಷನ್ ಮತ್ತು ಕೆಲವು ಭಾರತೀಯ ಕಂಪನಿಗಳು ಅರ್ಜಿಯನ್ನು ವಿರೋಧಿಸಿದವು. 2006ರ ಜನವರಿಯಲ್ಲಿ ಚೆನ್ನೈ ಕಚೇರಿ ಅರ್ಜಿ ತಿರಸ್ಕರಿಸಿತು. ಇದು ಮೊದಲೇ ತಿಳಿದದ್ದು, ಹೊಳೆಯುವಂಥದ್ದು ಎಂಬುದೂ ಕಾರಣಗಳಲ್ಲಿ ಸೇರಿತ್ತು. 2009ರಲ್ಲಿ ಮೇಲ್ಮನವಿ ಮಂಡಳಿ ಇದಕ್ಕೆ ಒಪ್ಪಲಿಲ್ಲ. ರೂಪ ಹೊಸದು, ತಾನಾಗಿ ಹೊಳೆಯುವಂಥದ್ದೂ ಅಲ್ಲ ಎಂದಿತು. ಆದರೂ ಪೇಟೆಂಟ್ ಕೊಡಲಿಲ್ಲ!

ಇಲ್ಲಿ ಅಡ್ಡ ಬಂದದ್ದು 2005ರ ತಿದ್ದುಪಡಿಯಲ್ಲಿ ಈಗಿನ ರೂಪ ಪಡೆದ ಸೆಕ್ಷನ್ 3(ಡಿ). ಗೊತ್ತಿರುವ ವಸ್ತುವಿನ ಹೊಸ ರೂಪ ತಂದರೆ, ಅದರ ಪರಿಣಾಮಕಾರಿತ್ವ ಹೆಚ್ಚಿದೆ ಎಂದು ತೋರಿಸಬೇಕು, ಇಲ್ಲದಿದ್ದರೆ ಅದನ್ನು ಆವಿಷ್ಕಾರವೆಂದು ಪರಿಗಣಿಸುವುದಿಲ್ಲ ಎನ್ನುತ್ತದೆ ಅದು. ‘ಹೊಳೆಯುತ್ತಿತ್ತೇ’ ಎಂಬ ಪ್ರಶ್ನೆಗೆ ಅದೇ ಕಾಗದ ಓದಿದ ಇಬ್ಬರು ಎರಡು ಉತ್ತರ ಕೊಟ್ಟದ್ದನ್ನು ಈಗಷ್ಟೇ ನೋಡಿದೆವು. ‘ರೋಗ ಹೆಚ್ಚು ಗುಣವಾಯಿತೇ’ ಎಂದು ಕೇಳಿದರೆ ಊಹೆಗೆ ಜಾಗ ಕಡಿಮೆ, ಪ್ರಯೋಗದ ಅಂಕಿಅಂಶ ಇಡಲೇಬೇಕು. ನಮ್ಮ ಮಟ್ಟಿಗೆ ಈ ಸೆಕ್ಷನ್ನಿನ ಬೆಲೆ ಇರುವುದು ಇಲ್ಲೇ.

2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇಮ್ಯಾಟಿನಿಬ್ ಮೆಸಿಲೇಟ್ ಹಳೆಯ ಪೇಟೆಂಟಿನಿಂದಲೇ ತಿಳಿದಿದ್ದ ವಸ್ತು ಎಂದಿತು. ಔಷಧಿಯ ವಿಷಯದಲ್ಲಿ ಪರಿಣಾಮಕಾರಿತ್ವ ಎಂದರೆ ಗುಣಪಡಿಸುವ ಶಕ್ತಿಯೇ ಹೊರತು, ಪುಡಿ ಸರಾಗವಾಗಿ ಹರಿಯುವುದಲ್ಲ. ಹೊಸ ರೂಪ ಶೇ. 30ರಷ್ಟು ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ ಎಂಬ ವಾದವೂ ಇತ್ತು. ಅದರಿಂದ ಚಿಕಿತ್ಸೆಯ ಫಲ ಹೆಚ್ಚುತ್ತದೆ ಎಂಬುದಕ್ಕೆ ಪುರಾವೆ ಇಲ್ಲವೆಂದು ಕೋರ್ಟ್ ಅದನ್ನು ಒಪ್ಪಲಿಲ್ಲ.

ಆಗ ಗ್ಲಿವೆಕ್‌ನ ತಿಂಗಳ ಖರ್ಚು ಸುಮಾರು 1.2 ಲಕ್ಷ ರೂಪಾಯಿ. ಭಾರತೀಯ ಕಂಪನಿಗಳ ಇಮ್ಯಾಟಿನಿಬ್‌ಗೆ 8ರಿಂದ 10 ಸಾವಿರ. ತಾನು ಬಹುಪಾಲು ರೋಗಿಗಳಿಗೆ ಉಚಿತವಾಗಿಯೇ ಕೊಡುತ್ತಿದ್ದೇನೆ ಎಂದು ನೊವಾರ್ಟಿಸ್ ಹೇಳುತ್ತಿತ್ತು, ಅದನ್ನೂ ಇಲ್ಲಿ ದಾಖಲಿಸಬೇಕು. ಆದರೆ ದಾನವಾಗಿ ಸಿಗುವುದಕ್ಕೂ ಅಂಗಡಿಯಲ್ಲಿ ಕೈಗೆಟುಕುವ ಬೆಲೆಗೆ ಸಿಗುವುದಕ್ಕೂ ವ್ಯತ್ಯಾಸವಿದೆ.

ಈ ತೀರ್ಪಿನಿಂದ ಕ್ಯಾನ್ಸರ್ ಔಷಧಿಗಳಿಗೆ ಪೇಟೆಂಟೇ ಇಲ್ಲವೆಂದಾಯಿತು ಎಂಬ ಇನ್ನೊಂದು ಫಾರ್ವರ್ಡೂ ಸರಿಯಲ್ಲ. ಹೊಸ ಔಷಧಿಗಳಿಗೆ ಭಾರತ ಪೇಟೆಂಟ್ ಕೊಡುತ್ತಲೇ ಇದೆ. ಇನ್ನು ‘ನಕಲಿ’ ಎಂಬ ಮಾತು. ಜೆನೆರಿಕ್ ಎಂದರೆ ಅದೇ ಅಣು, ಬೇರೆ ತಯಾರಕರು. ಅದನ್ನು ಮಾರಲು ಔಷಧ ನಿಯಂತ್ರಕರ ಪರವಾನಗಿ ಬೇಕು. ಪೇಟೆಂಟ್ ಕಚೇರಿ ಔಷಧಿಯ ಗುಣಮಟ್ಟ ಪರೀಕ್ಷಿಸುವುದಿಲ್ಲ, ಅದರ ಕೆಲಸವೇ ಬೇರೆ.

ಅಮರಗೋಳದ ಓದುಗರಿಗೆ ನಮ್ಮ ಉತ್ತರ ಇಷ್ಟು: ಇದು ಖರೇ ಅಲ್ಲರಿ. ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪಟ್ಟಿಯ ಮೇಲೆ ‘ಇಮ್ಯಾಟಿನಿಬ್’ ಎಂಬ ಹೆಸರು ಓದಿ, ಅಂಗಡಿಯಿಂದ ಬಿಲ್ ಕೇಳಿ ಪಡೆಯಿರಿ. ಅನುಮಾನ ಬಂದರೆ ಎರಡನ್ನೂ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ.