ಕುದಿಯುವ ಹಂಡೆಗೆ ಇನ್ನೆಷ್ಟು ಕಟ್ಟಿಗೆ?

ಕೊನೆಕೊಯ್ಲು ಸಮೀಪಿಸಿದೆ. ಇನ್ನು ಕೆಲವೇ ದಿನಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಕೆಂಪಡಿಕೆ ಮಾಡುವ ಮನೆಗಳ ಅಂಗಳದಲ್ಲಿ ಒಲೆಗಳು ಹೊತ್ತಲಿವೆ. ಧಾರಣೆಯ ಮಾತನ್ನು ನಾವು ವರ್ಷವಿಡೀ ಆಡುತ್ತೇವೆ. ಒಲೆಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಸದಸ್ಯರು ಬೇಸರಿಸದೆ ಈ ಬಾರಿ ಅದನ್ನು ಸ್ವಲ್ಪ ಕೇಳಬೇಕು.

ಹಂಡೆ ಕುದಿ ಹತ್ತಿದ ಮೇಲೂ ಒಲೆಗೆ ಕುಂಟೆ ತಳ್ಳುತ್ತಲೇ ಇರುವುದು ನಮ್ಮಲ್ಲಿ ರೂಢಿ. ಉರಿ ಜೋರಾದಷ್ಟೂ ಅಡಿಕೆ ಬೇಗ ಬೇಯುತ್ತದೆಂಬ ನಂಬಿಕೆ. ನಮ್ಮ ಮನೆಯ ಒಲೆಯೂ ಇದಕ್ಕೆ ಹೊರತಾಗಿರಲಿಲ್ಲ. ಆದರೆ ಉಷ್ಣ ಬೇರೆ, ಉಷ್ಣತೆ ಬೇರೆ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ಸುಮಾರು 2,000 ಅಡಿ ಎತ್ತರದ ಶಿರಸಿಯಲ್ಲಿ 98ರ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಒಮ್ಮೆ ಕುದಿ ಬಂತೆಂದರೆ ಮುಗಿಯಿತು. ಎಷ್ಟೇ ಉರಿ ಹಾಕಿದರೂ ಬರಿಯ ನೀರು ಅದಕ್ಕಿಂತ ಬಿಸಿಯಾಗದು. ಹೆಚ್ಚಿನ ಉಷ್ಣವೆಲ್ಲ ಆವಿಯಾಗಿ ಹೋಗುತ್ತದೆ. ಸಣ್ಣಗೆ ಕುದಿಯುವ ನೀರಿನಲ್ಲಿಯೂ ಕೊತಕೊತನೆ ಕುದಿಯುವ ನೀರಿನಲ್ಲಿಯೂ ಅಡಿಕೆಗೆ ತಗಲುವ ಬಿಸಿ ಒಂದೇ.

ಈ ಆವಿಯ ಲೆಕ್ಕ ಸಣ್ಣದಲ್ಲ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು ಸುಮಾರು 73 ಕಿಲೊ ಕ್ಯಾಲರಿ ಸಾಕು. ಅದೇ ಲೀಟರನ್ನು ಆವಿ ಮಾಡಲು ಸುಮಾರು 540 ಬೇಕು. ಅಂದರೆ ಸುಮ್ಮನೆ ಆವಿಯಾಗಿ ಹೋದ ಒಂದೊಂದು ಲೀಟರೂ ಏಳು ಲೀಟರ್ ತಣ್ಣೀರನ್ನು ಕುದಿಸಬಹುದಾಗಿದ್ದ ಕಟ್ಟಿಗೆಯನ್ನು ನುಂಗುತ್ತದೆ. ಚೊಗರು ದಪ್ಪವಾಗಬೇಕಾದಾಗ ನೀರು ಇಂಗಲೇಬೇಕು, ಆ ಮಾತು ಬೇರೆ. ಉಳಿದ ಹೊತ್ತಿನಲ್ಲಿ ಹಂಡೆಗೆ ಮುಚ್ಚಳವೇಕಿರಬಾರದು? ನೊರೆ ಉಕ್ಕುತ್ತದೆ ಎನ್ನುವವರಿದ್ದಾರೆ. ಉಕ್ಕುವುದು ಉರಿ ಹೆಚ್ಚಾಗಿದ್ದರಿಂದ. ಒಂದೆರಡು ಕುಂಟೆ ಹಿಂದಕ್ಕೆಳೆದರೆ ಆಯಿತು.

ಸೊಪ್ಪಿನ ಬೆಟ್ಟದಿಂದ ತಾನೇ ಕಟ್ಟಿಗೆ ಬರುವುದು, ಅದಕ್ಕೇನು ದುಡ್ಡು ಎನ್ನಬೇಡಿ. ತೋಟಕ್ಕೆ ಹಾಕುವ ಸೊಪ್ಪೂ ಅದೇ ಬೆಟ್ಟದ್ದು. ಬೆಟ್ಟ ಬೋಳಾದ ಮನೆಯವರು ಇಂದು ಸೊಪ್ಪು, ಗೊಬ್ಬರ ಎರಡಕ್ಕೂ ಪರದಾಡುವುದನ್ನು ಎಲ್ಲರೂ ಕಂಡಿದ್ದೇವೆ.

ಒಲೆ ಕಟ್ಟುವ ರೀತಿಯಲ್ಲೂ ಒಂದು ತಪ್ಪಿದೆ. ತಾಮ್ರ ಬಿಸಿಗೆ ಹಿಗ್ಗುತ್ತದೆ. ಎರಡೂವರೆ ಅಡಿ ಅಗಲದ ತಾಮ್ರದ ಹಂಡೆ, ತಣ್ಣಗಿದ್ದದ್ದು ಕುದಿಗೆ ಬರುವಷ್ಟರಲ್ಲಿ ಸುಮಾರು ಒಂದು ಮಿಲಿಮೀಟರ್ ಅಗಲವಾಗುತ್ತದೆ. ಮಣ್ಣು ಅಷ್ಟು ಹಿಗ್ಗುವುದಿಲ್ಲ. ಹಂಡೆಯ ಕಂಠಕ್ಕೆ ಮಣ್ಣನ್ನು ಬಿಗಿಯಾಗಿ ಮೆತ್ತಿದರೆ ಮೊದಲ ವಾರದಲ್ಲಿಯೇ ಬಿರುಕು ಬಿಡುವುದು ಇದಕ್ಕಾಗಿ. ಬಿರುಕಿನಲ್ಲಿ ಉರಿ ಹೊರಗೆ ನುಗ್ಗಿ ಬೇಯಿಸುವವರ ಕಣ್ಣಿಗೆ ಹೊಗೆ ತುಂಬುತ್ತದೆ. ಸುತ್ತಲೂ ಬೆರಳು ಸಂದು ಬಿಟ್ಟು ಬೂದಿ ತುಂಬಿದರೆ ಹಂಡೆಗೆ ಜಾಗವೂ ಆಯಿತು, ಬಿಸಿ ಸೋರುವುದೂ ಕಡಿಮೆಯಾಯಿತು. ತಳದಲ್ಲಿ ಕಟ್ಟಿದ ಮಸಿಯನ್ನು ಆಗಾಗ ಕೆರೆಯಬೇಕು. ತಾಮ್ರ ಬಿಸಿಯನ್ನು ಥಟ್ಟನೆ ದಾಟಿಸುತ್ತದೆ, ಮಸಿ ತಡೆಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ತಂಡ ಹಳ್ಳಿಯ ಅಡುಗೆಮನೆಗೆಂದು ಅಸ್ತ್ರ ಒಲೆಯನ್ನು ರೂಪಿಸಿತು. ಕೆಳಗೆ ಗಾಳಿಯಾಡುವ ಜಾಲರಿ, ಹೊಗೆಗೆ ಕೊಳವೆ, ಉರಿ ಪಾತ್ರೆಗೆ ತಾಗುವಂತೆ ಅಳತೆಯ ಬಾಯಿ. ಇಷ್ಟೇ ಅದರ ಗುಟ್ಟು. ಅದೇ ತತ್ವ ಅಡಿಕೆ ಒಲೆಗೂ ಸಲ್ಲುತ್ತದೆ.

ಧಾರಣೆ ಇಳಿದಾಗ ಸಂಘದ ಕಡೆ ನೋಡುವ ನಾವು ಖರ್ಚು ಇಳಿಸುವುದಕ್ಕೂ ಸಂಘವನ್ನು ಬಳಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಒಲೆ ಕಟ್ಟಬಲ್ಲ ಇಬ್ಬರಿಗೆ ತರಬೇತಿ, ಹಂಡೆಯ ಅಳತೆಗೆ ತಗಡಿನ ಮುಚ್ಚಳ, ಇವೆರಡನ್ನು ಮುಂದಿನ ಆಡಳಿತ ಮಂಡಳಿಯ ಸಭೆಯ ಮುಂದಿಡಲಿದ್ದೇವೆ. ಅಷ್ಟರೊಳಗೆ ಸದಸ್ಯರು ತಮ್ಮ ಹಂಡೆಯ ಬಾಯಗಲವನ್ನು ಅಳೆದು ಕಚೇರಿಗೆ ಬರೆದು ತಿಳಿಸಬೇಕು.